ಗ್ರಾಫಿಂಗ್ ಕ್ಯಾಲ್ಕುಲೇಟರ್ ಬದಲು ಮ್ಯಾಕ್ಸಿಮಾ ಸಾಕಾ?

ಕೆಟ್ಟುಹೋದ ಟಿಐ-84 ಗ್ರಾಫಿಂಗ್ ಕ್ಯಾಲ್ಕುಲೇಟರ್ ಬದಲು ಇನ್ನೊಂದು ಕೊಳ್ಳಬೇಕಾ, ಪುಕ್ಕಟೆ ಸಿಗುವ ಮ್ಯಾಕ್ಸಿಮಾ ಅನ್ನುವ ಗಣಿತದ ಸಾಫ್ಟ್‌ವೇರ್ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಸಾಕಾ ಅಂತ ಕೇಳಿದ್ದೀರಿ. ಓದೋಕೆ ಅಮೆರಿಕಕ್ಕೆ ಬಂದ ಮೊದಲ ಸೆಮಿಸ್ಟರಿನಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ನನ್ನದು ಕೆಟ್ಟೂ ಇರಲಿಲ್ಲ. ಮ್ಯಾಕ್ಸಿಮಾ ಇಂಟಿಗ್ರೇಷನ್ನನ್ನು ಎಕ್ಸ್, ವೈ ಇಟ್ಟುಕೊಂಡೇ ಬಿಡಿಸಿದ್ದು ನೋಡಿ ಖುಷಿಯಾಗಿ, ಅದೇ ವಾರ ಕ್ಯಾಲ್ಕುಲೇಟರ್ ಮಾರಿಬಿಟ್ಟೆ.

ಆಮೇಲೆ ಆಂಪ್ಲಿಫೈಯರ್ ಲ್ಯಾಬ್ ಬಂತು. 741 ಅನ್ನುವ ಆಂಪ್ಲಿಫೈಯರ್ ಐಸಿ, ಗೇನ್ ಹತ್ತು, ಅಂದರೆ ಸಿಗ್ನಲ್ ಹತ್ತು ಪಟ್ಟು ದೊಡ್ಡದಾಗಬೇಕು. ಅದನ್ನು ಡೆಸಿಬೆಲ್‌ನಲ್ಲಿ ಬರೆಯಬೇಕು, ಅಂದರೆ ಔಟ್‌ಪುಟ್ ವೋಲ್ಟೇಜನ್ನು ಇನ್‌ಪುಟ್‌ನಿಂದ ಭಾಗಿಸಿ, ಲಾಗ್ ತೆಗೆದು, 20ರಿಂದ ಗುಣಿಸಬೇಕು. ಹತ್ತಕ್ಕೆ 20 ಡೆಸಿಬೆಲ್, ನಿದ್ದೆಗಣ್ಣಲ್ಲೂ ಹೇಳಬಹುದು. ನನ್ನ ಪಟ್ಟಿಯಲ್ಲಿ 46.05 ಅಂತ ಇತ್ತು, ನಾನು ನೋಡಲೇ ಇಲ್ಲ! ಟಿಐ-84ರಲ್ಲಿ ಲಾಗ್ ಗುಂಡಿ ಬೇಸ್ 10, ಅದರ ಕೆಳಗಿನ ಎಲ್‌ಎನ್ ಗುಂಡಿ ಬೇಸ್ ಇ (ಸುಮಾರು 2.718). ಮ್ಯಾಕ್ಸಿಮಾದಲ್ಲಿ ಲಾಗ್ ಅಂತ ಬರೆದರೆ ಅದೇ ಎಲ್‌ಎನ್, ಒಂದು ಮಾತೂ ಕೇಳದೆ ಕೊಟ್ಟುಬಿಡುತ್ತದೆ. ಅದು 1968ರಲ್ಲಿ ಎಂಐಟಿಯಲ್ಲಿ ಶುರುವಾದ ಮ್ಯಾಕ್‌ಸಿಮಾ (Macsyma) ಅನ್ನುವ ಹಳೇ ಪ್ರೋಗ್ರಾಮಿನ ವಂಶದ್ದು, ಗಣಿತದವರಿಗೆ ಲಾಗ್ ಅಂದರೆ ಬೇಸ್ ಇ ತಾನೇ. ಹಾಗಾಗಿ ನನ್ನ ಪ್ರತಿ ಡೆಸಿಬೆಲ್ಲೂ 2.303 ಪಟ್ಟು ಜಾಸ್ತಿ. ಫ್ರೀಕ್ವೆನ್ಸಿ ಏರಿದಂತೆ ಗೇನ್ ಇಳಿಯುವ ಗ್ರಾಫಿನ ಆಕಾರ ಮಾತ್ರ ಪುಸ್ತಕದಲ್ಲಿದ್ದ ಹಾಗೇ ಇತ್ತು, ಅಲ್ಲೇ ಮೋಸ ಹೋದೆ. ಗೇನ್ 3 ಡೆಸಿಬೆಲ್ ಇಳಿಯುವ ಫ್ರೀಕ್ವೆನ್ಸಿಯನ್ನೇ ಬ್ಯಾಂಡ್‌ವಿಡ್ತ್ ಅನ್ನುತ್ತಾರೆ. 3 ಡೆಸಿಬೆಲ್ ಇಳಿದ ಜಾಗ ಅಂತ ನಾನು ಗುರುತು ಹಾಕಿದಲ್ಲಿ ನಿಜಕ್ಕೂ ಇಳಿದಿದ್ದು 1.3 ಅಷ್ಟೇ. 100 ಕಿಲೋಹರ್ಟ್ಸ್ ಹತ್ತಿರ ಬರಬೇಕಾದ ಬ್ಯಾಂಡ್‌ವಿಡ್ತ್ 60ರ ಆಸುಪಾಸಿಗೆ ಬಂತು. ಐಸಿ ಮೇಲೆ ಅನುಮಾನ. ಎರಡು ಸಲ ಬದಲಾಯಿಸಿ, ಒಂದು ಶನಿವಾರ ಪೂರ್ತಿ ಹಾಳು ಮಾಡಿ, ಕೊನೆಗೆ ಐಸಿ ಸರಿಯಿಲ್ಲ ಅಂತ ರಿಪೋರ್ಟಲ್ಲೇ ಬರೆದೆ. ಅರ್ಧ ಅಂಕ ಹೋಯಿತು.

ಒಂದರ ಬದಲು ಇನ್ನೊಂದು ಅನ್ನುವ ನಿಮ್ಮ ಲೆಕ್ಕವೇ ತಪ್ಪು ಅಂತ ನನಗನಿಸುತ್ತದೆ. ಮನೆಯಲ್ಲಿ ಸೂತ್ರ ಬಿಡಿಸೋಕೆ ಮ್ಯಾಕ್ಸಿಮಾ ಹಾಕಿಕೊಳ್ಳಿ, ಬೇಸ್ 10 ಲಾಗನ್ನು ಮೊದಲ ಸಾಲಲ್ಲೇ ನೀವೇ ಬರೆದಿಟ್ಟುಕೊಳ್ಳಿ. ಸೈನ್ 30 ಅಂದರೂ ಅದು ಡಿಗ್ರಿ ಅಲ್ಲ, ರೇಡಿಯನ್ನೇ ಅಂದುಕೊಳ್ಳುತ್ತದೆ, ದಶಾಂಶದಲ್ಲಿ ಕೇಳಿದರೆ 0.5 ಬದಲು ಉತ್ತರ ಮೈನಸ್ 0.988 ಬರುತ್ತದೆ. ಲ್ಯಾಬಿಗೆ, ಪರೀಕ್ಷೆಗೆ ಕ್ಯಾಲ್ಕುಲೇಟರ್ ಬೇಕೇ ಬೇಕು. ಹಳೇದಾದರೂ ಪರವಾಗಿಲ್ಲ, ತಗೊಳ್ಳಿ. ಲ್ಯಾಪ್‌ಟಾಪನ್ನು ಪರೀಕ್ಷೆಗೆ ಒಳಗೆ ಬಿಡಲ್ಲ ಅಂತ ನನಗೆ ಗೊತ್ತಾಗಿದ್ದು ಆ ಪರೀಕ್ಷೆಗೆ ಒಂದು ವಾರ ಮುಂಚೆ. ಮಾರಿದ್ದಕ್ಕಿಂತ 25 ಡಾಲರ್ ಜಾಸ್ತಿ ಕೊಟ್ಟು ಇನ್ನೊಂದು ಟಿಐ-84 ಕೊಂಡೆ.