ಇಬ್ಬರೇ ಎರಡ ದಿನ ಮುಂಬೈ ನೋಡಾಕ ಹೊಂಟೀವ್ರಿ, ಏನೇನ್ ನೋಡೂಣು?

ಪ್ರಶ್ನೆ: ಅಣ್ಣಾರ, ನಮ್ಮ ಮದುವಿ ಆದಾಗಿಂದ ಮನಿ, ಅಂಗಡಿ ಅಂತ ಆಗೇ ಬಿಟ್ಟೈತ್ರಿ, ಇಬ್ಬರೇ ಎಲ್ಲಿಗೂ ಹೋಗಿಲ್ಲ. ದೀಪಾವಳಿ ಮುಗದಮ್ಯಾಲ ಒಂದ ಶನಿವಾರ ರವಿವಾರ ಮುಂಬೈ ನೋಡಿ ಬರೂಣು ಅಂತ ಮಾಡೀವಿ. ನಮ್ಮ ಮನಿಯವ್ರು ಗೇಟ್‌ವೇ, ಎಲಿಫಂಟಾ, ಜುಹು, ಫಿಲ್ಮ್ ಸಿಟಿ, ಬಾಂದ್ರಾ, ಹಾಜಿ ಅಲಿ ಅಂತ ಉದ್ದಕ ಪಟ್ಟಿ ಮಾಡ್ಯಾರ, ಅತ್ತಿಯವ್ರು ಸಿದ್ಧಿವಿನಾಯಕ ಬಿಡಬ್ಯಾಡ್ರಿ ಅಂದಾರ, ನನಗ ಮಾತ್ರ ಸಮುದ್ರದ ದಂಡಿಗೆ ಸುಮ್ನ ಒಂದೀಟ ಹೊತ್ತು ಕುಂದ್ರಬೇಕು ಅಂತ ಆಸೆ. ಎಲ್ಲಾ ಆಗತೈತೇನ್ರಿ?
— ಓದುಗರೊಬ್ಬರು, ಗದಗ

ಉತ್ತರ: ತಂಗೀ, ಎಲ್ಲಾ ಆಗೂದಿಲ್ಲ, ಆಗಸಾಕ ಹೋಗಲೂ ಬ್ಯಾಡ್ರಿ. ಜುಹು, ಫಿಲ್ಮ್ ಸಿಟಿ, ಬಾಂದ್ರಾ ಈ ಮೂರೂ ಪಟ್ಟಿಯಿಂದ ತಗದ ಬಿಡ್ರಿ ಅಂತ ನಿಮ್ಮ ಮನಿಯವ್ರಿಗೆ ನನ್ನ ಹೆಸರಲೇ ಹೇಳ್ರಿ. ಅವು ಇರೂದು ಉತ್ತರಕ್ಕ, ಫಿಲ್ಮ್ ಸಿಟಿ ಅಂತೂ ಗೋರೆಗಾಂವದಾಗ, ಅಲ್ಲಿಗೆ ಹೋಗಿ ಬರೂದ್ರಾಗ ಒಂದ ದಿನ ಪೂರಾ ಟ್ರಾಫಿಕ್‌ನ್ಯಾಗ ಹೋಗತೈತಿ. ಇಷ್ಟ ದಿನಕ್ಕ ಇಬ್ಬರೇ ಹೊಂಟೀರಿ, ಆ ಹೊತ್ತು ನಿಮಗ ಸಿಗಬೇಕು, ಸಿಗ್ನಲ್‌ಗೆ ಹೋಗಬಾರ್ದು.

ನಿಮ್ಮ ಗದಗಿನವ್ರಿಗೆ ಒಂದ ಅನುಕೂಲ ಐತಿ. ಹೊಸಪೇಟೆಯಿಂದ ಗದಗ, ಬಾಗಲಕೋಟ, ವಿಜಯಪುರ, ಸೊಲ್ಲಾಪುರ ಮ್ಯಾಲ ಹಾದು ಮುಂಬೈ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಸ್ಟೇಷನ್) ಹೋಗು ಗಾಡಿ ಐತಲ್ಲ, ಶುಕ್ರವಾರ ಮಧ್ಯಾಹ್ನ ಹತ್ತಿದ್ರ ಶನಿವಾರ ನಸುಕಿನ್ಯಾಗ ಇಳಸತೈತಿ, ಬರಾಕ ರವಿವಾರ ರಾತ್ರಿ ಅದ ಗಾಡಿ. ಇಳದ ಜಾಗಾನ ನೋಡೂ ಜಾಗ, ಎಫ್.ಡಬ್ಲ್ಯೂ. ಸ್ಟೀವನ್ಸ್ ಅನ್ನು ಬ್ರಿಟಿಷ್ ವಾಸ್ತುಶಿಲ್ಪಿ ನಕ್ಷಾ ಹಾಕಿದ ಆ ಸ್ಟೇಷನ್ 2004ರಾಗ ವಿಶ್ವ ಪರಂಪರೆ ಪಟ್ಟಿ ಸೇರೈತಿ, ಟ್ಯಾಕ್ಸಿ ಹುಡಕೂ ಮೊದಲ ರಸ್ತೆ ದಾಟಿ ಎದರಗೆ ನಿಂತು ಆ ಗುಮ್ಮಟ ಒಮ್ಮೆ ತಲಿ ಎತ್ತಿ ನೋಡ್ರಿ. ರೂಮು ಸಿಎಸ್‌ಎಂಟಿ ಇಲ್ಲಾ ಫೋರ್ಟ್ ಕಡೇನ ಹಿಡೀರಿ, ನೂರ ಇನ್ನೂರ ಉಳೀತೈತಿ ಅಂತ ದೂರ ಹೋಗಬ್ಯಾಡ್ರಿ. ಇಬ್ಬರದ್ದೂ ಆಧಾರ್ ಇರಲಿ.

ಶನಿವಾರ ಝಳಕಾ ನಾಷ್ಟಾ ಮುಗಿಸಿ ಗೇಟ್‌ವೇಗೆ ಹೋಗ್ರಿ, ಎರಡ ಕಿಲೋಮೀಟರ್ ಮ್ಯಾಲ ಸ್ವಲ್ಪ ಆಗತೈತಿ, ನಡಕೋತನ ಹೋಗಬಹುದು. 1911ರಾಗ ಐದನೇ ಜಾರ್ಜ್ ಬಂದಿದ್ದಕ್ಕ ಅಂತ ಶುರು ಮಾಡಿ 1924ಕ್ಕ ಮುಗಿಸಿದ ಕಮಾನು ಅದು, 1948ರಾಗ ಬ್ರಿಟಿಷರ ಕಡೀ ಪಲ್ಟನ್ ಅದರ ಕೆಳಗಿಂದನ ಹೊಂಟ ಹೋತು. ಎಲಿಫಂಟಾ ಅಂದ್ರ ಗುಹಾ ಗುಡಿ ಇರೂ ದ್ವೀಪ, ಅದಕ್ಕ ಬೋಟ್ ಗೇಟ್‌ವೇಯಿಂದನ, ಒಂದ ತಾಸು ಆಗತೈತಿ, ಮೊದಲಿನ ಬೋಟನ್ಯಾಗ ಹೋದ್ರ ಮಂದಿ ಕಡಿಮಿ. ಸೋಮವಾರ ಗುಹಾ ಬಂದ್ ಇರತಾವ, ಮಳಿಗಾಲದಾಗ ಸಮುದ್ರ ಜೋರಿದ್ರ ಬೋಟೂ ಬಂದ್, ನೀವು ದೀಪಾವಳಿ ಆದಮ್ಯಾಲ ಹೊಂಟೀರಂದ್ರ ಚಿಂತಿ ಇಲ್ಲ.

ಎಲಿಫಂಟಾ ಬಿಡಲೇಬ್ಯಾಡ್ರಿ ಅಂತ ನಾ ಯಾಕ ಒತ್ತಿ ಹೇಳತೀನಂದ್ರ ನಾವು ಬಾದಾಮಿ ಮಗ್ಗಲದವ್ರು. ಬಾದಾಮಿ ಮೂರನೇ ಗುಹಾದಾಗ 578ರ ಶಾಸನ ಐತಿ, ಎಲಿಫಂಟಾನೂ ಹೆಚ್ಚೂ ಕಡಿಮಿ ಅದ ಶತಮಾನದ್ದು ಅಂತ ತಿಳದವ್ರು ಹೇಳತಾರ, ಆದ್ರ ನಮ್ಮದು ಕೆಂಪ ಮರಳಗಲ್ಲು, ಅದು ಕರೀ ಬಸಾಲ್ಟು, ಹಂಗಾಗಿ ಒಳಗ ಕಾಲಿಟ್ಟ ಕೂಡಲೇ ಕತ್ತಲಿನ ಬಣ್ಣಾನ ಬ್ಯಾರೆ ಅನಸತೈತಿ. ಸುಮಾರು 20 ಅಡಿ ಎತ್ತರದ ಮೂರ ಮಾರಿ ಸದಾಶಿವನ ಮುಂದ ಫೋಟೋ ಹೊಡಕೊಂಡು ಓಡಬ್ಯಾಡ್ರಿ, ಮೊಬೈಲ್ ಕಿಸೆದಾಗ ಇಟ್ಟು ನಿಲ್ರಿ. ಮಗ್ಗಲಕ್ಕ ಅರ್ಧನಾರೀಶ್ವರನೂ ಅದಾನ, ಇಬ್ಬರೂ ಕೂಡೇ ನೋಡ್ರಿ. ಮೆಟ್ಟಲ ಹತ್ತಾಗ ಕೈಯಾಗ ತಿನ್ನೂದ ಹಿಡದ್ರ ಮಂಗ್ಯಾ ಕಸಗೊಳ್ತಾವ.

ಮಧ್ಯಾಹ್ನ ವಾಪಸ್ ಬಂದು ರೂಮಿನ್ಯಾಗ ಕಾಲ ಚಾಚ್ರಿ. ಖರೀದಿ ಏನರ ಇದ್ರ ಅವತ್ತ ಸಂಜಿಮುಂದ ಮುಗಿಸ್ರಿ, ರವಿವಾರ ಫೋರ್ಟಿನ ಅಂಗಡಿ ಭಾಳ ಬಂದ್ ಇರತಾವ. ಐದೂವರಿಗೆ ಮರೀನ್ ಡ್ರೈವ್, ಸಮುದ್ರದ ದಂಡಿಗುಂಟ ಹೋಗು ರಸ್ತೆ ಅದು. ತಂಗೀ, ನಿಮ್ಮ ಆಸೆ ಇಡೀ ಪಟ್ಟಿಯೊಳಗ ಎಲ್ಲಾರಕಿಂತ ಛೊಲೊ ಆಸೆ, ಅದಕ್ಕ ರೊಕ್ಕ ಬೇಕಿಲ್ಲ, ಟಿಕೆಟ್ ಬೇಕಿಲ್ಲ. ನವೆಂಬರಿನ್ಯಾಗ ಆರರ ಸುಮಾರಿಗೆ ಸೂರ್ಯ ನೇರ ಸಮುದ್ರಕ್ಕ ಇಳೀತಾನ, ಕಟ್ಟಿ ಮ್ಯಾಲ ಜಾಗ ಹಿಡದು ಕುಂದರ್ರಿ, ನಿಮ್ಮ ಮನಿಯವ್ರು ಮುಂದಿನ ಜಾಗಕ್ಕ ಹೋಗೂಣು ಅಂದ್ರ ಮುಂದಿನ ಜಾಗ ಇಲ್ಲ ಅನ್ರಿ.

ರವಿವಾರ ನಸುಕಿನ್ಯಾಗ ಎದ್ದು ಟ್ಯಾಕ್ಸಿ ಮಾಡಿ ಸಿದ್ಧಿವಿನಾಯಕ, ಆಗ ರಸ್ತಾ ಖಾಲಿ ಇರತಾವ. ಬರೂಮುಂದ ಮಹಾಲಕ್ಷ್ಮಿ, ಹಾಜಿ ಅಲಿ ಎರಡೂ ಹತ್ರಹತ್ರನ, ಆದ್ರ ಭರತಿ ಬಂದಾಗ ಹಾಜಿ ಅಲಿ ದಾರಿ ನೀರಾಗ ಮುಣಗತೈತಿ, ಹೊತ್ತು ಕೇಳಿಕೊಂಡ ಹೋಗ್ರಿ. ಊಟಕ್ಕ ಮಾಟುಂಗಾ. ಸ್ಟೇಷನ್ ಮಗ್ಗಲಕ್ಕ ರಾಮನಾಯಕರ ಉಡುಪಿ ಬೋರ್ಡಿಂಗಿನ್ಯಾಗ ಬಾಳಿ ಎಲಿ ಊಟ ಸಿಗತೈತಿ, ಸುತ್ತಮುತ್ತ ಕನ್ನಡನೂ ಕಿವಿಗೆ ಬೀಳತೈತಿ. 2017ರಿಂದ ಆ ಸ್ಟೇಷನ್ ಪೂರಾ ಹೆಣ್ಮಕ್ಕಳ ಕೈಯಾಗ ನಡಿಯಾಕ ಹತ್ತೈತಿ, ಅದೂ ನೋಡೂವಂಥಾದ್ದ. ಮಧ್ಯಾಹ್ನ ಗೇಟ್‌ವೇ ಹತ್ರದ ಛತ್ರಪತಿ ಶಿವಾಜಿ ಮಹಾರಾಜ ಮ್ಯೂಸಿಯಂ, ಆಮ್ಯಾಲ ಓವಲ್ ಮೈದಾನ, ಅಲ್ಲಿ ಒಂದ ಕಡೆ ರಾಜಾಬಾಯಿ ಟವರಿನ ಹಳೀ ಗೋಥಿಕ್ ಕಟ್ಟಡ, ಎದರಗೆ ಆರ್ಟ್ ಡೆಕೊ ಅನ್ನು 1930ರ ಸುಮಾರಿನ ಶೈಲಿಯ ಮನಿ, ನಡುವ ಹುಡುಗರ ಕ್ರಿಕೆಟ್. ಗಾಡಿಗೆ ಒಂದ ತಾಸು ಮೊದಲ ಸಿಎಸ್‌ಎಂಟಿ ಮುಟ್ಟಿರ್ರಿ.

ಪ್ರಶ್ನೆ: ಮುಂಬೈ ಲೋಕಲ್ ಹತ್ತಬೇಕಂದ್ರ ಜೀವ ಹೊಡಕೊಳ್ಳತೈತಿ ಸರ್, ಹೆಂಡ್ತಿ ಕರಕೊಂಡು ಹೋಗಬಹುದೇನ್ರಿ, ಇಲ್ಲಾ ಆಟೋನ ಬರೋಬ್ಬರೇನು?
— ಓದುಗರು, ರಾಣೇಬೆನ್ನೂರು

ಉತ್ತರ: ಮುಂಬೈ ದಕ್ಷಿಣದಾಗ ಆಟೋ ಓಡೂದಿಲ್ರಿ, ಬಾಂದ್ರಾ, ಸಾಯನ್ ದಾಟಿದಮ್ಯಾಲ ಸಿಗತಾವ. ಟ್ಯಾಕ್ಸಿ ಅದಾವ, ಮೀಟರ್ ಹಾಕ್ಸಿ ಕುಂದರ್ರಿ. ಲೋಕಲ್ ಖರೇವಂದ್ರೂ ಹತ್ರಿ, ಮುಂಜಾನೆ ಹನ್ನೊಂದರಿಂದ ನಾಕರ ತನಕ ಗದ್ದಲ ಕಡಿಮಿ. ಗದ್ದಲ ಇದ್ರ ಅವ್ರು ಹೆಣ್ಮಕ್ಕಳ ಡಬ್ಬಿ ಹತ್ತಲಿ, ನೀವು ಜನರಲ್, ಯಾವ ಸ್ಟೇಷನ್ನಿಗೆ ಇಳಿಯೂದು, ಎಲ್ಲಿ ನಿಲ್ಲೂದು ಅನ್ನೂದು ಹತ್ತೂ ಮೊದಲ ಮಾತಾಡಿಕೊಳ್ರಿ, ಟಿಕೆಟ್ ಒಬ್ಬೊಬ್ಬರ ಹತ್ರ ಒಂದೊಂದು ಇರಲಿ. ಫಾಸ್ಟ್ ಗಾಡಿ ಸಣ್ಣ ಸ್ಟೇಷನ್ನಿಗೆ ನಿಲ್ಲೂದಿಲ್ಲ, ಸ್ಲೋ ಹತ್ರಿ. ರವಿವಾರ ರಿಪೇರಿಗೆ ಮೆಗಾಬ್ಲಾಕ್ ಅಂತ ಲೈನ್ ಬಂದ್ ಮಾಡತಿರತಾರ, ಶನಿವಾರ ರಾತ್ರೀನ ಯಾವ ಲೈನ್ ಅಂತ ನೋಡಿಕೊಳ್ರಿ.