ಕತ್ತಿನ ನೋವು ಮುಚ್ಚಿಟ್ಟ ಟೈಟ್‌ಹೆಡ್ ಪ್ರಾಪ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 33. ಇಂಗ್ಲೆಂಡಿನ ವೃತ್ತಿಪರ ರಗ್ಬಿ ಯೂನಿಯನ್ ಕ್ಲಬ್ಬೊಂದರಲ್ಲಿ ಟೈಟ್‌ಹೆಡ್ ಪ್ರಾಪ್, ಅಂದರೆ ಎರಡೂ ತಂಡದ ಎಂಟೆಂಟು ಆಟಗಾರರು ತಲೆ ತಗ್ಗಿಸಿ, ಹೆಣೆದುಕೊಂಡು ತಳ್ಳುವ ‘ಸ್ಕ್ರಮ್’ನಲ್ಲಿ ಮುಂದಿನ ಸಾಲಿನ ಬಲ ತುದಿಗೆ ನಿಲ್ಲುವವರು, 3ನೇ ನಂಬರಿನ ಜರ್ಸಿ. ತೂಕ 124 ಕಿಲೊ. ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು. ಕಾಂಟ್ರ್ಯಾಕ್ಟ್ ಜೂನ್ ಕೊನೆಗೆ ಮುಗಿಯುವುದರಲ್ಲಿತ್ತು. ನಿದ್ದೆ ಬರುವುದಿಲ್ಲ, ಮನೆಯಲ್ಲಿ ಸುಮ್ಮಸುಮ್ಮನೆ ಸಿಡುಕುತ್ತೇನೆ ಎಂದು ಬಂದವರು.

ಎರಡನೇ ಭೇಟಿಯಲ್ಲಿ ಅಸಲು ಸಂಗತಿ ಹೊರಬಿತ್ತು. ಸ್ಕ್ರಮ್ ಕುಸಿದಾಗಲೆಲ್ಲ ಎಡಗೈಗೆ ಕರೆಂಟ್ ಹೊಡೆದಂತಾಗುತ್ತಿತ್ತು. ಆಟಗಾರರು ಇದನ್ನು ‘ಸ್ಟಿಂಗರ್’ ಅನ್ನುತ್ತಾರೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಇವರಿಗೆ ಹೆಬ್ಬೆರಳು, ತೋರುಬೆರಳಿನ ಜೋಮು ಹೋಗಿರಲೇ ಇಲ್ಲ. ಮಗಳ ಕೋಟಿನ ಗುಂಡಿ ಹಾಕಲಾಗದೆ ಹೆಂಡತಿಯನ್ನು ಕರೆದಿದ್ದರು. ಕ್ಲಬ್ಬಿನ ಡಾಕ್ಟರಿಗೆ ಮಾತ್ರ ಒಂದಕ್ಷರ ಹೇಳಿರಲಿಲ್ಲ.

ಈ ಜಾಗದ ಆಟ ಎಂಥದ್ದೆಂದು ತಿಳಿಯದೆ ಇವರಿಗೆ ಸಲಹೆ ಕೊಡಲಾಗದು. ಸಾಲಿನ ಎಡ ತುದಿಗಿರುವ ಲೂಸ್‌ಹೆಡ್ ಪ್ರಾಪ್‌ನ ತಲೆಯ ಒಂದು ಬದಿ ಖಾಲಿ ಇರುತ್ತದೆ. ಟೈಟ್‌ಹೆಡ್‌ನ ತಲೆ ಎದುರಾಳಿ ಲೂಸ್‌ಹೆಡ್ ಮತ್ತು ಹುಕರ್ (ಸಾಲಿನ ನಡುವಿನ ಆಟಗಾರ) ನಡುವೆ ಸಿಕ್ಕಿರುತ್ತದೆ, ಎರಡೂ ಭುಜದ ಮೇಲೆ ಒತ್ತಡ, ಬೆನ್ನ ಹಿಂದೆ ಸ್ವಂತ ತಂಡದ ತಳ್ಳು. 2013ರಲ್ಲಿ ‘ಕ್ರೌಚ್, ಬೈಂಡ್, ಸೆಟ್’ (ಬಗ್ಗು, ಎದುರಾಳಿಯನ್ನು ಹಿಡಿ, ಸೇರು) ಕ್ರಮ ಬಂದ ಮೇಲೆ ಮೊದಲ ಡಿಕ್ಕಿಯ ರಭಸ ತಗ್ಗಿದೆ. ಕುಸಿತದ ಅಪಾಯ ತಪ್ಪಿಲ್ಲ. ನೋವು ನುಂಗುವುದೇ ಇಲ್ಲಿ ಕಸುಬು, ಹಾಗಾಗಿ ಯಾವ ನೋವನ್ನು ನುಂಗಬಾರದು ಎಂಬ ಅಂದಾಜೇ ಅನೇಕ ಪ್ರಾಪ್‌ಗಳಿಗೆ ತಪ್ಪಿಹೋಗಿರುತ್ತದೆ.

ಅವರ ಭಯಕ್ಕೆ ಕಾರಣವಿತ್ತು. 2022ರಲ್ಲಿ ವುಸ್ಟರ್, ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಶ್ ಕ್ಲಬ್‌ಗಳು ದಿವಾಳಿಯಾಗಿ ಎಷ್ಟೋ ಆಟಗಾರರು ಒಮ್ಮೆಲೇ ಕೆಲಸ ಹುಡುಕುವಂತಾಯಿತು. ಆ ಭಯವನ್ನು ಅಲ್ಲಗಳೆಯಲಿಲ್ಲ. ಆದರೆ “ಇಂಗ್ಲೆಂಡಿನ ಪ್ರಾಪ್ ಡ್ಯಾನ್ ಕೋಲ್ 38ರವರೆಗೆ ಆಡಲಿಲ್ಲವೇ?” ಎಂಬ ಅವರ ವಾದವನ್ನು ಹಾಗೇ ಬಿಡಲೂ ಇಲ್ಲ. 2014ರಲ್ಲಿ ಕೋಲ್ ಕತ್ತಿನ ತೊಂದರೆಗಾಗಿಯೇ ಕೆಲ ಕಾಲ ಆಟ ನಿಲ್ಲಿಸಿದ್ದರು. ಇನ್ನೊಬ್ಬ ಪ್ರಾಪ್ ಜೇಸನ್ ಲೆನಾರ್ಡ್ 1992ರಲ್ಲಿ ಕತ್ತಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆಮೇಲೆಯೂ ಆಡಿ, ಇಂಗ್ಲೆಂಡ್ ಪರ 114 ಪಂದ್ಯ ಮುಟ್ಟಿದರು. ಇಬ್ಬರೂ ನಿಂತು, ಸರಿಮಾಡಿಕೊಂಡು ಮುಂದೆ ಹೋದವರು.

ಕೊಟ್ಟ ಸಲಹೆ ಹೀಗಿತ್ತು. ಡಾಕ್ಟರ್ ನೋಡುವವರೆಗೆ ಸ್ಕ್ರಮ್ ಇಲ್ಲ, ಅಭ್ಯಾಸದ ಸ್ಕ್ರಮ್ ಮಷೀನೂ ಇಲ್ಲ, ಟ್ಯಾಕ್ಲ್ (ಎದುರಾಳಿಯನ್ನು ಹಿಡಿದು ಕೆಡವುವುದು) ಇಲ್ಲ. ಮರುದಿನ ಬೆಳಿಗ್ಗೆ ಕ್ಲಬ್ ಡಾಕ್ಟರನ್ನು ಕಂಡು “ಕತ್ತು ನೋವು” ಎಂದು ತೇಲಿಸದೆ, ಯಾವ ಬೆರಳು, ಎಷ್ಟು ದಿನದಿಂದ, ಕೈಯಲ್ಲಿ ಬಲ ಎಷ್ಟು ಕುಗ್ಗಿದೆ ಎಂದು ಬರೆದುಕೊಂಡೇ ಹೋಗಬೇಕು. ಎರಡೂ ಕೈಗೆ ಜೋಮು ಬಂದರೆ, ಕಾಲು ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ಕಾಯದೆ ನೇರ ಆಸ್ಪತ್ರೆಗೆ. ಆಗ ತೊಂದರೆ ಒಂದು ನರದ್ದಲ್ಲ, ಬೆನ್ನುಹುರಿಯದ್ದಿರಬಹುದು. ಇಲ್ಲಿನ ಮಾತು ಕ್ಲಬ್ಬಿಗೆ ಹೋಗುವುದಿಲ್ಲ ಎಂಬ ಭರವಸೆ ಇದ್ದದ್ದರಿಂದ ಹೇಳುವ ಕೆಲಸ ಅವರದ್ದೇ ಆಗಿತ್ತು. ಹೇಗೆ ಬಾಯಿ ತೆಗೆಯುವುದು ಎಂಬುದನ್ನು ಕೂತು ಅಭ್ಯಾಸ ಮಾಡಿದೆವು, ಮೊದಲ ವಾಕ್ಯಕ್ಕೇ ತುಂಬ ಹೊತ್ತು ಹಿಡಿಯಿತು. ಬದುಕೇ ಬೇಡ ಎನ್ನಿಸಿದೆಯೇ ಎಂದೂ ನೇರವಾಗಿ ಕೇಳಿದೆವು. ಇಲ್ಲ ಎಂದರು.

ಹೊಸ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವ ಮುನ್ನ ಮೆಡಿಕಲ್ ಇರುತ್ತದೆ. ಅಲ್ಲಿ ಗೊತ್ತಿದ್ದೂ ಮುಚ್ಚಿಟ್ಟರೆ ಮುಂದೆ ವಿಮೆ ಹಣಕ್ಕೇ ಕುತ್ತು ಬರಬಹುದು. ಗಾಯವಾದರೆ ಸಂಬಳ ಎಷ್ಟು ತಿಂಗಳು, ಆಟ ನಿಂತರೆ ವಿಮೆ ಎಷ್ಟು, ಹಳೆಯ ಗಾಯ ಅದರಲ್ಲಿ ಸೇರುತ್ತದೆಯೇ ಎಂಬ ಮೂರನ್ನು ಏಜೆಂಟರಿಂದ ಬರಹದಲ್ಲಿ ಪಡೆಯಲು ಹೇಳಿದೆವು.

ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿ ನರ ಒತ್ತುತ್ತಿರುವುದು ಕಂಡಿತು. ಆ ಸೀಸನ್ ಅಲ್ಲಿಗೆ ಮುಗಿಯಿತು. ಆಟ ನಿಂತ ಮೊದಲ ವಾರದಲ್ಲೇ ಊಟ ಇಳಿಸಬೇಕಿತ್ತು: 4,500 ಕ್ಯಾಲೊರಿ ಉಣ್ಣುವ ಅಭ್ಯಾಸ ದೇಹಶ್ರಮ ನಿಂತ ಮೇಲೂ ಉಳಿದರೆ ಕೊಬ್ಬು, ಬಿಪಿ ಎರಡೂ ಏರುತ್ತವೆ. ಡಯಟೀಶಿಯನ್ ನಿಧಾನವಾಗಿ ಇಳಿಸುವ ಯೋಜನೆ ಹಾಕಿಕೊಟ್ಟರು. ಹೆಂಡತಿ ಬಂದ ದಿನ ಗೊರಕೆ, ನಡುವೆ ಉಸಿರು ನಿಲ್ಲುವ ವಿಷಯ ಹೇಳಿದ್ದರಿಂದ ನಿದ್ದೆಯ ಪರೀಕ್ಷೆಯೂ ಆಯಿತು. ಸ್ಲೀಪ್ ಆಪ್ನಿಯಾ ಇತ್ತು. ದಪ್ಪ ಕತ್ತಿನ ಫ್ರಂಟ್ ರೋ (ಸ್ಕ್ರಮ್ ಮುಂದಿನ ಸಾಲಿನ) ಆಟಗಾರರಲ್ಲಿ ಇದನ್ನು ತಪ್ಪದೆ ವಿಚಾರಿಸಬೇಕು.

ವೇಲ್ಸ್‌ನ ಮಾಜಿ ಟೈಟ್‌ಹೆಡ್ ಆಡಮ್ ಜೋನ್ಸ್ ಹಾರ್ಲೆಕ್ವಿನ್ಸ್ ಕ್ಲಬ್ಬಿನಲ್ಲಿ ಆಡಿ ಅಲ್ಲಿಯೇ ಸ್ಕ್ರಮ್ ಕೋಚ್ ಆದವರು. ಅದೇ ದಾರಿಯನ್ನು ಪರೀಕ್ಷಿಸಲು ಇವರು ವಾರಕ್ಕೆರಡು ಸಂಜೆ ಅಕಾಡೆಮಿ ಹುಡುಗರಿಗೆ ಬೈಂಡ್ ಕಲಿಸುತ್ತಿದ್ದಾರೆ. ಮತ್ತೆ ಆಡುವ ಮಾತನ್ನು ಕೈಯ ಬಲ ಪೂರ್ತಿ ಮರಳಿ, ಸ್ಪೈನ್ ಸರ್ಜನ್ ಒಪ್ಪಿದ ಮೇಲೆಯೇ ತೆಗೆಯುವುದೆಂದು ಗಂಡ ಹೆಂಡತಿ ಸೇರಿ ನಿರ್ಧರಿಸಿದ್ದಾರೆ.