ಹಾರ್ನ್ ಹೊಸದು, ಸದ್ದು ಮಾತ್ರ ಹಳೆಯದೇ

ಪ್ರಶ್ನೆ: ನನ್ನದು 1998ರ ಮಾರುತಿ 800. ಮಳೆ ಹಿಡಿದಾಗಿನಿಂದ ಹಾರ್ನ್ ಒಮ್ಮೆ ಕೂಗುತ್ತದೆ, ಒಮ್ಮೆ ಬರೀ 'ಟಕ್' ಎನ್ನುತ್ತದೆ. ಸ್ಟಿಯರಿಂಗ್ ಸ್ವಲ್ಪ ತಿರುಗಿಸಿ ಒತ್ತಿದರೆ ಸರಿಯಾಗುವುದೂ ಉಂಟು. ಹೊಸ ಹಾರ್ನ್ ಹಾಕಿಸಿದರೂ ಹತ್ತು ದಿನಕ್ಕೆ ಮತ್ತದೇ ಪಾಡು.
- ಓದುಗರು, ಪುತ್ತೂರು

ಉತ್ತರ: ಸ್ಟಿಯರಿಂಗ್ ತಿರುಗಿಸಿದರೆ ಸರಿಹೋಗುತ್ತದೆ ಎಂದು ನೀವೇ ಬರೆದಿದ್ದೀರಿ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಏರ್‌ಬ್ಯಾಗ್ ಇಲ್ಲದ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಹಾರ್ನಿಗೆ ಫ್ಯೂಸಿನಿಂದ ಪಾಸಿಟಿವ್ ಸದಾ ಬರುತ್ತಲೇ ಇರುತ್ತದೆ. ಬಟನ್ ಒತ್ತಿದಾಗ ಸಿಗುವುದು ಅರ್ತ್, ಅಂದರೆ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ಆ ಅರ್ತ್ ಸ್ಟಿಯರಿಂಗಿನ ಹಿಂದಿರುವ ತಾಮ್ರದ ಬಳೆ, ಅದಕ್ಕೆ ಒತ್ತಿಕೊಂಡ ಸ್ಪ್ರಿಂಗ್ ಪಟ್ಟಿಯ ಮೂಲಕವೇ ಹಾದುಹೋಗಬೇಕು. ಬಳೆಗೆ ಕಿಲುಬು ಹಿಡಿದರೆ ಹಾರ್ನ್ ಎಷ್ಟು ಹೊಸದಾದರೇನು?

ಆದರೂ ಪರೀಕ್ಷೆ ಹಾರ್ನಿನಿಂದಲೇ ಶುರುವಾಗಲಿ. ಅದರ ಎರಡೂ ವೈರ್ ಕಿತ್ತು, ಬ್ಯಾಟರಿಯಿಂದ ಬೇರೆ ಎರಡು ವೈರ್ ಎಳೆದು ಒಂದೆರಡು ಸೆಕೆಂಡ್ ಮುಟ್ಟಿಸಿ. ಗಟ್ಟಿಯಾಗಿ ಕೂಗಿದರೆ ಹಾರ್ನ್ ಸರಿ ಇದೆ. ಬಳಿಕ 12 ವೋಲ್ಟ್, 21 ವ್ಯಾಟ್‌ನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದು, ಕಿತ್ತ ವೈರುಗಳ ನಡುವೆ ಹಿಡಿಯಿರಿ. ಇನ್ನೊಬ್ಬರು ಬಟನ್ ಒತ್ತಿಕೊಂಡೇ ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಲಿ. ಬೆಳಕು ಎಲ್ಲಿ ಮಂಕಾಗುತ್ತದೋ ಅಲ್ಲಿ ಬಳೆ ಕೆಟ್ಟಿದೆ. ಎಲ್‌ಇಡಿ ಟೆಸ್ಟರ್ ಇದಕ್ಕೆ ಬೇಡ. ಕೊಳಕು ಕಾಂಟ್ಯಾಕ್ಟಿನಲ್ಲೂ ಅದು ಜೋರಾಗಿ ಉರಿದು ದಾರಿ ತಪ್ಪಿಸುತ್ತದೆ.

ಸ್ಟಿಯರಿಂಗ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಶಾಫ್ಟಿಗೂ ಸ್ಟಿಯರಿಂಗಿಗೂ ಸೇರಿ ಒಂದು ಗುರುತು ಹಾಕಿ. ನಡುವಿನ ನಟ್ ಪೂರ್ತಿ ಕಳಚಬೇಡಿ, ಎರಡು ಮೂರು ಸುತ್ತು ಉಳಿಸಿಕೊಂಡೇ ಎಳೆಯಿರಿ; ಇಲ್ಲದಿದ್ದರೆ ಬಿಗಿಯಾಗಿದ್ದ ಸ್ಟಿಯರಿಂಗ್ ತಟ್ಟನೆ ಕಿತ್ತು ಬಂದು ಮುಖಕ್ಕೆ ಬಡಿಯುತ್ತದೆ. ಬಳೆಯನ್ನು 400 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ವ್ಯಾಸಲೀನ್ ತೆಳ್ಳಗೆ ಸವರಿ. ಸ್ಪ್ರಿಂಗ್ ಪಟ್ಟಿ ಚಪ್ಪಟೆಯಾಗಿದ್ದರೆ ಒಂದೆರಡು ಮಿಲಿಮೀಟರ್ ಮೇಲಕ್ಕೆ ಬಾಗಿಸಿ.

ಮಳೆಯ ವಿಷಯ ಬೇರೆ. ಹಾರ್ನಿನ ಬಾಯಿ ಮೇಲ್ಮುಖವಾಗಿದ್ದರೆ ಒಳಗೆ ನೀರು ನಿಂತು ಪಾಯಿಂಟುಗಳಿಗೆ (ಕರೆಂಟ್ ಕೂಡಿಸಿ ಬಿಡಿಸುವ ತುದಿಗಳಿಗೆ) ತುಕ್ಕು ಹಿಡಿಯುತ್ತದೆ. ಬ್ರಾಕೆಟ್ ಸಡಿಲಿಸಿ, ಬಾಯಿ ತುಸು ಕೆಳಗಾಗುವಂತೆ ತಿರುಗಿಸಿ ಬಿಗಿ ಮಾಡಿ. ಸದ್ದು ಗೊಗ್ಗರಾಗಿದ್ದರೆ ಹಿಂಬದಿಯ ಚಿಕ್ಕ ಸ್ಕ್ರೂವನ್ನು ಕಾಲು ಸುತ್ತಿನೊಳಗೆ ಅತ್ತಿತ್ತ ತಿರುಗಿಸಿ ನೋಡಬಹುದು. ನಟ್ಟನಡುವಿನ ದೊಡ್ಡ ನಟ್ ಮಾತ್ರ ಮುಟ್ಟಬಾರದು, ಒಳಗಿನ ಗ್ಯಾಪ್ ಕೆಟ್ಟರೆ ಹಾರ್ನ್ ಗುಜರಿಗೇ.

ಪ್ರಶ್ನೆ: ನಿಲ್ಲಿಸಿದ ಕಾರು ನಡುರಾತ್ರಿ ತಾನಾಗಿಯೇ ಹಾರ್ನ್ ಹೊಡೆಯುತ್ತದೆ.
- ಓದುಗರು, ಗದಗ

ಉತ್ತರ: ಬಟನ್ನಿನ ವೈರ್ ಎಲ್ಲೋ ಸಿಪ್ಪೆ ಸುಲಿದು ಕಾರಿನ ಲೋಹದ ಮೈಗೆ ತಾಗುತ್ತಿದೆ, ಇಲ್ಲವೇ ಬಟನ್ನಿನ ಸ್ಪ್ರಿಂಗ್ ಸೋತಿದೆ. ರಿಲೇ (ಬಟನ್ನಿನ ಸಣ್ಣ ಕರೆಂಟಿನಿಂದ ಹಾರ್ನಿನ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಇರುವ ಗಾಡಿಯಾದರೆ ಅದರ ಪಾಯಿಂಟ್ ಅಂಟಿಕೊಂಡಿರಲೂಬಹುದು. ಕೂಗುತ್ತಿರುವಾಗಲೇ ಸ್ಟಿಯರಿಂಗ್ ಕಂಬದ (ಕಾಲಂ) ಕೆಳಗೆ ಬಟನ್ನಿನ ವೈರ್ ಕಿತ್ತು ನೋಡಿ: ನಿಂತರೆ ದೋಷ ಸ್ಟಿಯರಿಂಗ್ ಕಡೆ, ನಿಲ್ಲದಿದ್ದರೆ ರಿಲೇ ಅಥವಾ ಮುಂದಿನ ವೈರಿಂಗ್. ಅಲ್ಲಿಯವರೆಗೆ ಹಾರ್ನಿನ ವೈರನ್ನೇ ಕಿತ್ತಿಟ್ಟು ಅದರ ತುದಿಗೆ ಟೇಪ್ ಸುತ್ತಿ; ಫ್ಯೂಸ್ ತೆಗೆದರೆ ಅದೇ ಸಾಲಿನ ಬೇರೆ ದೀಪವೂ ಆರಬಹುದು.

ಪ್ರಶ್ನೆ: ಎರಡು ದೊಡ್ಡ ಹಾರ್ನ್ ಹಾಕಿಸಿದ ಮೇಲೆ ಫ್ಯೂಸ್ ಹೋಗುತ್ತಲೇ ಇದೆ. ಈಗ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿದ್ದಾರೆ. ಪರವಾಗಿಲ್ಲವೇ?
- ಓದುಗರು, ತುಮಕೂರು

ಉತ್ತರ: ಇವತ್ತೇ ಆ ತಂತಿ ತೆಗೆಸಿ. ಇನ್ನು ಸುಡುವುದು ಫ್ಯೂಸಲ್ಲ, ವೈರಿಂಗ್. ಜೋಡಿ ಹಾರ್ನ್ 8ರಿಂದ 10 ಆಂಪಿಯರ್‌ವರೆಗೆ ಎಳೆಯಬಹುದು. ಅಷ್ಟನ್ನು ಹಳೆಯ ಬಟನ್ ತಾಳುವುದಿಲ್ಲ. ನಾಲ್ಕು ಪಿನ್ನಿನ ರಿಲೇ ಹಾಕಿಸಿ. ಪಿನ್ನುಗಳ ನಂಬರಿನಂತೆ, 30ಕ್ಕೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರಿನ ವೈರ್, 87ರಿಂದ ಹಾರ್ನಿಗೆ ಅದೇ ದಪ್ಪದ್ದು, 86ಕ್ಕೆ ಹಾರ್ನಿನ ಹಳೆಯ ಪಾಸಿಟಿವ್ ವೈರ್, 85ಕ್ಕೆ ಬಟನ್ನಿನ ವೈರ್. ಹಾರ್ನಿನ ಇನ್ನೊಂದು ತುದಿ ಪೇಂಟ್ ಕೆರೆದ ಕಾರಿನ ಲೋಹದ ಮೈಗೆ. ಹೊಸ ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವಿರಲಿ. ಅಂದಹಾಗೆ, ಒಂದರ ಹಿಂದೊಂದು ರಾಗ ತೆಗೆಯುವ ಹಾರ್ನ್ ಅದಾಗಿದ್ದರೆ ರಿಲೇಗೆ ದುಡ್ಡು ಹಾಕಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಅದನ್ನು ನಿಷೇಧಿಸಿದೆ.